"ತಪ್ಪಿಲ್ದೆ ಬರೋವರೆಗೂ ಬಾಯಿ ತೆಗೆಯಲ್ಲ": ಇಂಗ್ಲಿಷ್ ಕಲಿಕೆಯ ಒಂದು ಪ್ರಕರಣ

ಎಂ.ಎಸ್ಸಿ. ಕೆಮಿಸ್ಟ್ರಿ ಓದ್ತಿದ್ದ ಹುಡುಗಿ, ವಯಸ್ಸು 22. ನನ್ನ ಇಂಗ್ಲಿಷ್ ಕ್ಲಾಸಿಗೆ ಎರಡು ಸೆಮಿಸ್ಟರ್ ಒಂದಿನಾನೂ ತಪ್ಪಿಸದೆ ಬಂದ್ಲು, ಮೂರನೇ ಬೆಂಚಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಬೋರ್ಡ್ ಮೇಲೆ ಬರೆದಿದ್ದೆಲ್ಲಾ ಬರ್ಕೋತಿದ್ಲು, ಗ್ರಾಮರ್ ಟೆಸ್ಟಲ್ಲಿ ಯಾವಾಗ್ಲೂ ಮೊದಲ ಮೂರು ಜನರಲ್ಲಿ ಇರ್ತಿದ್ಲು, ಆದ್ರೆ ಆ ಎರಡು ಸೆಮಿಸ್ಟರಲ್ಲಿ ಅವಳ ಬಾಯಿಂದ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ನಾನು ಕೇಳೇ ಇರಲಿಲ್ಲ. ಅವಳ ಒಪ್ಪಿಗೆ ತಗೊಂಡೇ ಇದನ್ನ ಬರೀತಿದ್ದೀನಿ, ಹೆಸರು ಊರು ಬೇಡ. ಇಂಥ ವಿದ್ಯಾರ್ಥಿಗಳು ಪ್ರತಿ ಕ್ಲಾಸಲ್ಲೂ ಇರ್ತಾರೆ, ನಾವು ಅವರನ್ನ "ಸೈಲೆಂಟು, ಆದ್ರೆ ಒಳ್ಳೆ ಸ್ಟೂಡೆಂಟು" ಅಂತ ಹೇಳಿ ಮುಂದಕ್ಕೆ ಹೋಗ್ಬಿಡ್ತೀವಿ, ನಾನೂ ಹಾಗೇ ಹೋಗಿದ್ದೆ.

ಮೂರನೇ ಸೆಮಿಸ್ಟರಲ್ಲಿ ಅವರ ಡಿಪಾರ್ಟ್‌ಮೆಂಟಲ್ಲಿ ಎಲ್ರೂ ಸೆಮಿನಾರ್ ಕೊಡ್ಬೇಕಿತ್ತು, ಇಂಗ್ಲಿಷಲ್ಲೇ, 10 ನಿಮಿಷ ಮಾತು, ಆಮೇಲೆ ಪ್ರಶ್ನೆಗಳು. ಅದಕ್ಕೆ ಇನ್ನೂ 12 ವಾರ ಇರೋವಾಗ ಒಂದು ಸಾಯಂಕಾಲ ಸ್ಟಾಫ್ ರೂಮ್ ಬಾಗಿಲಲ್ಲಿ ಬಂದು ನಿಂತ್ಲು, ಕೈಯಲ್ಲಿ ದಪ್ಪನೆ ನೋಟ್‌ಬುಕ್. "ಮೇಡಂ, ಇದರಲ್ಲಿ ಯಾವ್ಯಾವ ರೂಲ್ಸ್ ಬಿಟ್ಟಿದೀನಿ ಅಂತ ನೋಡಿ ಹೇಳ್ತೀರಾ, ಅಷ್ಟನ್ನೂ ಮುಗಿಸಿಬಿಟ್ರೆ ಮಾತಾಡೋಕೆ ಶುರು ಮಾಡ್ತೀನಿ" ಅಂದ್ಲು.

ನೋಟ್‌ಬುಕ್ ತೆಗೆದು ನೋಡ್ದೆ. ಹನ್ನೆರಡು ಟೆನ್ಸಿಗೂ ಸ್ಕೇಲಿಟ್ಟು ಗೆರೆ ಎಳೆದ ಟೇಬಲ್, ಆಕ್ಟಿವ್ ಪ್ಯಾಸಿವ್, ರಿಪೋರ್ಟೆಡ್ ಸ್ಪೀಚ್, ಇಫ್ ಬರೋ ವಾಕ್ಯಗಳ ಮೂರು ಟೈಪು, ಪ್ರಿಪೊಸಿಷನ್ನಿಗೇ ಒಂಬತ್ತು ಪುಟ. ರೂಲ್ ನೀಲಿ ಇಂಕಲ್ಲಿ, ಉದಾಹರಣೆ ಹಸಿರಲ್ಲಿ, ಎಕ್ಸೆಪ್ಷನ್ ಕೆಂಪಲ್ಲಿ. ಪುಟ ತಿರುವ್ತಾ ತಿರುವ್ತಾ ನಂಗೆ ಸಂಕಟ ಆಯ್ತು, ಯಾಕಂದ್ರೆ ಅದರಲ್ಲಿ ಬಿಟ್ಟಿದ್ದು ಅನ್ನೋ ಹಾಗೆ ಏನೂ ಇರಲಿಲ್ಲ.

"ಇದು ಇರ್ಲಿ, ನಿನ್ನೆ ಲ್ಯಾಬಲ್ಲಿ ಏನು ಮಾಡ್ದೆ, ಇಂಗ್ಲಿಷಲ್ಲಿ ಹೇಳು" ಅಂದೆ. ಅವಳು ಮೇಜಿನ ಮೇಲೆ ಬೆರಳಿಟ್ಲು. ತುಟಿ ಅಲ್ಲಾಡ್ತಿತ್ತು, ಶಬ್ದ ಬರ್ತಿರಲಿಲ್ಲ, ಬೆರಳು ಮಾತ್ರ ಮೇಜಿನ ಮೇಲೆ ಎಡದಿಂದ ಬಲಕ್ಕೆ ನಿಧಾನಕ್ಕೆ ಹೋಗಿ, ಒಂದು ಕಡೆ ನಿಂತು, ವಾಪಸ್ ಬರ್ತಿತ್ತು, ಮನಸ್ಸಲ್ಲೇ ವಾಕ್ಯ ಬರೆದು ಅಳಿಸ್ತಿದ್ಲು. "ಯೆಸ್ಟರ್‌ಡೇ ಐ..." ಅಂದ್ಲು. ನಿಂತ್ಲು. "ಐ ಡಿಡ್... ಐ ವಾಸ್ ಡೂಯಿಂಗ್... ಮೇಡಂ, ಇಲ್ಲಿ ಸಿಂಪಲ್ ಪಾಸ್ಟಾ ಇಲ್ಲಾ ಪಾಸ್ಟ್ ಕಂಟಿನ್ಯುಯಸ್ಸಾ?" ಅಂತ ಕೇಳಿದ್ಲು, ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಇಲ್ಲಿ ನನ್ನ ಮೊದಲ ತಪ್ಪು ಹೇಳ್ಬೇಕು. ಆವತ್ತು ನಾನು ಅದನ್ನ ಬರೀ ಭಯ ಅಂದ್ಕೊಂಡೆ. "ಧೈರ್ಯವಾಗಿ ಮಾತಾಡಮ್ಮ, ತಪ್ಪಾದ್ರೆ ಏನೂ ಆಗಲ್ಲ" ಅಂತ ಅರ್ಧ ಗಂಟೆ ಸಮಾಧಾನ ಹೇಳಿ ಕಳಿಸಿದೆ, ಅವಳೂ ಎಲ್ಲದಕ್ಕೂ ತಲೆ ಆಡಿಸಿದ್ಲು. ಮುಂದಿನ ವಾರ ಕ್ಲಾಸಲ್ಲಿ ಮತ್ತೆ ಅದೇ ಮೌನ. ಭಯ ಇತ್ತು, ಅದು ನಿಜ, ಆದ್ರೆ ಆ ಭಯದ ಅಡಿಯಲ್ಲಿ ಒಂದು ಲೆಕ್ಕಾಚಾರ ಇತ್ತು, ಅವಳ ಮಟ್ಟಿಗೆ ತುಂಬಾ ಸರಿಯಾದ ಲೆಕ್ಕಾಚಾರ: ಭಾಷೆ ಅಂದ್ರೆ ರೂಲ್ಸ್, ರೂಲ್ಸ್ ಪೂರ್ತಿ ಬಂದ್ರೆ ಮಾತು ತಾನಾಗೇ ಬರುತ್ತೆ, ಮಾತು ಬಂದಿಲ್ಲ ಅಂದ್ರೆ ಇನ್ನೂ ರೂಲ್ಸ್ ಬಾಕಿ ಇದೆ. ಈ ನಂಬಿಕೆ ಇಟ್ಕೊಂಡಿರೋರಿಗೆ ಧೈರ್ಯ ತಗೋ ಅಂದ್ರೆ ಅದು ಈಜು ಬರದೋರಿಗೆ ಬಾವಿಗೆ ಹಾರು ಅಂದ ಹಾಗೆ ಕೇಳುತ್ತೆ.

ಆಮೇಲೆ ನಂಗೆ ನೆನಪಾಗಿದ್ದು ಎಲೇನ್ ಹಾರ್ವಿಟ್ಜ್ ಅವರ ಪ್ರಶ್ನಾವಳಿ. ಟೆಕ್ಸಾಸ್ ಯೂನಿವರ್ಸಿಟಿಯ ಈ ಪ್ರೊಫೆಸರ್ 1980ರ ದಶಕದಲ್ಲಿ, ಭಾಷೆ ಕಲಿಯೋರು ಕಲಿಕೆ ಬಗ್ಗೆ ಮೊದಲೇ ಏನೇನು ನಂಬ್ಕೊಂಡು ಬಂದಿರ್ತಾರೆ ಅಂತ ತಿಳ್ಕೊಳ್ಳೋಕೆ 34 ಹೇಳಿಕೆಗಳ ಒಂದು ಪಟ್ಟಿ ಮಾಡಿದ್ರು, ಬಿಲೀಫ್ಸ್ ಅಬೌಟ್ ಲ್ಯಾಂಗ್ವೇಜ್ ಲರ್ನಿಂಗ್ ಇನ್ವೆಂಟರಿ ಅಂತ ಅದರ ಹೆಸರು, ಚಿಕ್ಕದಾಗಿ ಬಲ್ಲಿ (BALLI) ಅಂತ ಕರೀತಾರೆ. ಭಾಷೆ ಎಷ್ಟು ಕಷ್ಟ, ಅದಕ್ಕೆ ಹುಟ್ಟು ಪ್ರತಿಭೆ ಬೇಕಾ, ಕಲಿಕೆ ಅಂದ್ರೆ ಏನು, ಹೇಗೆ ಕಲೀಬೇಕು, ಯಾಕೆ ಕಲೀತಿದ್ದೀವಿ, ಈ ಐದು ವಿಷಯದ ಮೇಲೆ ಹೇಳಿಕೆಗಳಿರುತ್ತೆ, ಹೆಚ್ಚಿನವಕ್ಕೆ ಪೂರ್ತಿ ಒಪ್ತೀನಿ ಅನ್ನೋದರಿಂದ ಸ್ವಲ್ಪಾನೂ ಒಪ್ಪಲ್ಲ ಅನ್ನೋವರೆಗೆ ಟಿಕ್ ಹಾಕ್ಬೇಕು. ಅದಕ್ಕೆ ಮಾರ್ಕ್ಸ್ ಇಲ್ಲ, ಸರಿ ತಪ್ಪು ಉತ್ತರಾನೂ ಇಲ್ಲ, ಒಂದೊಂದು ಉತ್ತರಾನೂ ಬೇರೆ ಬೇರೆಯಾಗೇ ನೋಡ್ಬೇಕು. ನಂಗೆ ಅದು ಇಷ್ಟ ಆಗೋದೇ ಅದಕ್ಕೆ, ಟೆಸ್ಟಿಗೆ ಹೆದರೋ ಹುಡುಗೀರ ಮುಂದೆ ಇನ್ನೊಂದು ಟೆಸ್ಟ್ ಇಡಬಾರದು.

ಅವಳು 34ಕ್ಕೂ ಟಿಕ್ ಹಾಕಿದ್ಲು, ಪಕ್ಕದಲ್ಲಿ ಕನ್ನಡದಲ್ಲಿ ಸಣ್ಣ ಸಣ್ಣ ಟಿಪ್ಪಣಿ ಬೇರೆ. ಸರಿಯಾಗಿ ಹೇಳೋಕೆ ಬರೋವರೆಗೂ ಆ ಭಾಷೆಯಲ್ಲಿ ಏನೂ ಹೇಳಬಾರದು ಅನ್ನೋ ಹೇಳಿಕೆಗೆ ಪೂರ್ತಿ ಒಪ್ತೀನಿ. ಶುರುವಲ್ಲಿ ತಪ್ಪು ಮಾಡೋಕೆ ಬಿಟ್ರೆ ಮುಂದೆ ಸರಿಪಡಿಸೋದು ಕಷ್ಟ ಅನ್ನೋದಕ್ಕೂ ಪೂರ್ತಿ ಒಪ್ತೀನಿ. ಕಲಿಕೆ ಅಂದ್ರೆ ಮುಖ್ಯವಾಗಿ ಗ್ರಾಮರ್ ಅನ್ನೋದಕ್ಕೆ ಒಪ್ತೀನಿ. ಕೆಲವರಿಗೆ ಭಾಷೆ ಕಲಿಯೋ ವಿಶೇಷ ಶಕ್ತಿ ಇರುತ್ತೆ ಅನ್ನೋದಕ್ಕೆ ಪೂರ್ತಿ ಒಪ್ತೀನಿ, ಆ ಶಕ್ತಿ ನಂಗಿದೆ ಅನ್ನೋದಕ್ಕೆ ಸ್ವಲ್ಪಾನೂ ಒಪ್ಪಲ್ಲ. ದಿನಕ್ಕೆ ಒಂದು ಗಂಟೆ ಓದಿದ್ರೆ ಎಷ್ಟು ವರ್ಷದಲ್ಲಿ ಚೆನ್ನಾಗಿ ಮಾತಾಡಬಹುದು ಅನ್ನೋದಕ್ಕೆ ಒಂದರಿಂದ ಎರಡು ವರ್ಷ ಅಂತ ಹಾಕಿ, ಪಕ್ಕದಲ್ಲಿ "ನಾನು 15 ವರ್ಷದಿಂದ ಓದ್ತಿದ್ದೀನಿ" ಅಂತ ಬರೆದಿದ್ಲು. ಮಕ್ಕಳಿಗೆ ದೊಡ್ಡೋರಿಗಿಂತ ಸುಲಭ ಅನ್ನೋದರ ಪಕ್ಕ "17 ವರ್ಷ ದಾಟಿದ್ಮೇಲೆ ಆಗಲ್ಲ" ಅಂತ.

ಆ ಎರಡು ಟಿಪ್ಪಣಿ ಓದಿದಾಗ ನಂಗೆ ಅರ್ಥ ಆಯ್ತು, ಇವು ಬಿಡಿ ಬಿಡಿ ನಂಬಿಕೆಗಳಲ್ಲ, ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಎರಡು ವರ್ಷದಲ್ಲಿ ಬರಬೇಕಾದ್ದು 15 ವರ್ಷ ಆದ್ರೂ ಬಂದಿಲ್ಲ, ಅಂದ್ರೆ ನಂಗೆ ಆ ಶಕ್ತಿ ಇಲ್ಲ, ಶಕ್ತಿ ಇಲ್ದೋಳು ತಪ್ಪು ಮಾಡಿದ್ರೆ ಅದು ಕಾಯಂ ಆಗಿ ಉಳಿದುಬಿಡುತ್ತೆ, ಅದಕ್ಕೆ ಮೊದಲು ರೂಲ್ಸ್, ಆಮೇಲೆ ಮಾತು. ಒಂದೇ ದಾರ ಹಿಡಿದು ಎಳೆದ್ರೆ ಗಂಟು ಇನ್ನೂ ಬಿಗಿ ಆಗುತ್ತೆ.

17ರ ವಿಷಯ ಎಲ್ಲಿಂದ ಬಂತು ಅಂತ ಕೇಳ್ದೆ. ಫೋನಲ್ಲಿ ಯಾವುದೋ ಸುದ್ದಿ ಓದಿದ್ಲಂತೆ. ಅದು 2018ರಲ್ಲಿ ಹಾರ್ಟ್‌ಶೋರ್ನ್, ಟೆನೆನ್‌ಬಾಮ್, ಪಿಂಕರ್ ಮೂವರು ಪ್ರಕಟಿಸಿದ ಸಂಶೋಧನೆ, ಆನ್‌ಲೈನ್ ಗ್ರಾಮರ್ ಟೆಸ್ಟ್ ತಗೊಂಡ ಸುಮಾರು 6.7 ಲಕ್ಷ ಜನರ ಉತ್ತರಗಳ ಮೇಲೆ ಮಾಡಿದ್ದು, ವ್ಯಾಕರಣ ಕಲಿಯೋ ಸಾಮರ್ಥ್ಯ 17.4 ವಯಸ್ಸಿನವರೆಗೂ ಹೆಚ್ಚುಕಮ್ಮಿ ಹಾಗೇ ಇದ್ದು ಆಮೇಲೆ ಇಳಿಯುತ್ತೆ ಅಂತ ಅದರ ಲೆಕ್ಕ. ಇಳಿಯುತ್ತೆ ಅಂದಿದ್ದನ್ನ ಇವಳು ಬಾಗಿಲು ಹಾಕ್ಕೊಳ್ಳುತ್ತೆ ಅಂತ ಓದ್ಕೊಂಡಿದ್ಲು. ಅದೂ ಅಲ್ದೆ ಆ ಲೆಕ್ಕದ ಹಿಂದಿರೋ ಪ್ರಶ್ನೆ, ಆ ಭಾಷೆಯಲ್ಲೇ ಹುಟ್ಟಿ ಬೆಳೆದೋರ ಮಟ್ಟ ಯಾರು ಮುಟ್ತಾರೆ ಅನ್ನೋದು, ಸೆಮಿನಾರ್ ಕೊಡೋಕೆ ಆ ಮಟ್ಟ ಯಾಕೆ ಬೇಕು? 1978ರಲ್ಲೇ ಸ್ನೋ ಮತ್ತೆ ಹೋಫ್‌ನಾಗೆಲ್ ಹೋಲೆ ನೆದರ್ಲೆಂಡ್ಸಲ್ಲಿ ಡಚ್ ಕಲೀತಿದ್ದ ಇಂಗ್ಲಿಷ್ ಮಾತೃಭಾಷೆಯೋರನ್ನ ನೋಡಿದಾಗ, ಮೊದಲ ಕೆಲವು ತಿಂಗಳು ವೇಗವಾಗಿ ಕಲಿತೋರು ಹದಿಹರೆಯದೋರು ಮತ್ತೆ ದೊಡ್ಡೋರು, ಚಿಕ್ಕ ಮಕ್ಕಳಲ್ಲ. ಇದೆಲ್ಲಾ ಹೇಳ್ದೆ. ಶ್ರದ್ಧೆಯಿಂದ ಕೇಳಿಸ್ಕೊಂಡ್ಲು, ನೋಟ್ ಕೂಡ ಮಾಡ್ಕೊಂಡ್ಲು. ಬದಲಾಗಿದ್ದು ಏನೂ ಇಲ್ಲ. ಹುಟ್ಟು ಸಾಮರ್ಥ್ಯದ ವಿಷಯದಲ್ಲಂತೂ ನಾನು ಸುಳ್ಳು ಹೇಳೋಕೂ ಹೋಗಲಿಲ್ಲ, ಭಾಷೆ ಕಲಿಯೋ ಸಾಮರ್ಥ್ಯದಲ್ಲಿ ಜನರ ನಡುವೆ ವ್ಯತ್ಯಾಸ ಇರೋದು ನಿಜ, 1950ರ ದಶಕದಿಂದಲೇ ಅದನ್ನ ಅಳೆಯೋ ಟೆಸ್ಟ್‌ಗಳಿವೆ. "ಎಲ್ರಿಗೂ ಒಂದೇ ಸಮ ಇರುತ್ತೆ" ಅಂದಿದ್ರೆ ಅವಳು ನನ್ನ ಉಳಿದ ಮಾತನ್ನೂ ನಂಬ್ತಿರಲಿಲ್ಲ.

ಒಂದು ಮಾತು ಮಾತ್ರ ತಾಗಿತು, ಅದು ಗಂಟೆಗಳ ಲೆಕ್ಕ. ಕೇಂಬ್ರಿಡ್ಜ್‌ನ ಇಂಗ್ಲಿಷ್ ಪರೀಕ್ಷೆ ನಡೆಸೋರು ಬಿ2 ಅನ್ನೋ ಮಟ್ಟಕ್ಕೆ, ಅಂದ್ರೆ ಸ್ವತಂತ್ರವಾಗಿ ಮಾತುಕತೆ ನಡೆಸೋ ಮಟ್ಟಕ್ಕೆ, ಮೊದಲಿಂದ ಸುಮಾರು 500 ರಿಂದ 600 ಗಂಟೆ ಮಾರ್ಗದರ್ಶನದ ಕಲಿಕೆ ಬೇಕು ಅಂತ ಅಂದಾಜು ಕೊಡ್ತಾರೆ. "15 ವರ್ಷ ಅಂದ್ಯಲ್ಲ, ಅದರಲ್ಲಿ ಇಂಗ್ಲಿಷಲ್ಲಿ ನಿನ್ನ ಸ್ವಂತ ಮಾತು ಆಡಿದ್ದು ಎಷ್ಟು ಗಂಟೆ ಇರಬಹುದು, ಪುಸ್ತಕ ಓದಿ ಹೇಳಿದ್ದು ಬಿಟ್ಟು?" ಅಂತ ಕೇಳ್ದೆ. ತುಂಬಾ ಹೊತ್ತು ಯೋಚನೆ ಮಾಡಿದ್ಲು. "ಮೇಡಂ, ಒಂದು ಗಂಟೆ ಆಗಲ್ಲ ಅನ್ಸುತ್ತೆ" ಅಂದ್ಲು. ಆ ಹೊತ್ತಿನ ಅವಳ ಮುಖ ನಂಗೆ ಇನ್ನೂ ಕಣ್ಣಿಗೆ ಕಟ್ಟಿದೆ, ಯಾರೋ ಅವಳ ಮೇಲಿದ್ದ ದೂರು ವಾಪಸ್ ತಗೊಂಡ ಹಾಗೆ.

 

ಈಗ ಮಾಡಿದ್ದೇನು ಅಂತ ಹೇಳ್ತೀನಿ. ಅವಳ ಸಮಸ್ಯೆಗೆ ಹೆಸರಿದೆ. ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಅವರು, ನಾವು ಕಲಿತ ರೂಲ್ಸ್ ಮಾತಿನ ಮೇಲೆ ಕಾವಲುಗಾರನ ಥರ ಕೂತಿರುತ್ತೆ, ಅದನ್ನ ಮಾನಿಟರ್ ಅಂತ ಕರೆದು, ಅದು ಕೆಲಸ ಮಾಡೋಕೆ ರೂಲ್ ಗೊತ್ತಿರಬೇಕು, ಗಮನ ರೂಲ್ ಮೇಲಿರಬೇಕು, ಜೊತೆಗೆ ಟೈಮ್ ಬೇಕು ಅಂದಿದ್ರು. ಬರೆಯೋವಾಗ ಟೈಮ್ ಸಿಗುತ್ತೆ, ಮಾತಾಡೋವಾಗ ಸಿಗಲ್ಲ. ಕೆಲವರು ಈ ಕಾವಲುಗಾರನ್ನ ಅತಿಯಾಗಿ ಬಳಸ್ತಾರೆ, ಅವರ ಮಾತು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತೆ ಅಂತಾನೂ ಬರೆದಿದಾರೆ. ಕ್ರಾಶೆನ್ ಹೇಳಿದ್ದನ್ನೆಲ್ಲಾ ನಾನು ಒಪ್ಪಲ್ಲ, ಆದ್ರೆ ಮೇಜಿನ ಮೇಲೆ ಓಡಾಡ್ತಿದ್ದ ಆ ಬೆರಳಿಗೆ ಇದಕ್ಕಿಂತ ಒಳ್ಳೆ ವಿವರಣೆ ನಂಗೆ ಸಿಕ್ಕಿಲ್ಲ.

ಅದಕ್ಕೆ 4-3-2 ಅನ್ನೋ ಅಭ್ಯಾಸ ಶುರು ಮಾಡಿಸ್ದೆ, ವೊಕ್ಯಾಬುಲರಿ ಮೇಲೆ ತುಂಬಾ ಕೆಲಸ ಮಾಡಿರೋ ಪಾಲ್ ನೇಷನ್ 1989ರಲ್ಲಿ ಇದರ ಬಗ್ಗೆ ಬರೆದಿದಾರೆ. ಒಂದೇ ವಿಷಯ ಒಬ್ಬರಿಗೆ 4 ನಿಮಿಷ ಹೇಳ್ಬೇಕು, ಅದನ್ನೇ ಇನ್ನೊಬ್ಬರಿಗೆ 3 ನಿಮಿಷದಲ್ಲಿ, ಮತ್ತೊಬ್ಬರಿಗೆ 2 ನಿಮಿಷದಲ್ಲಿ. ಕೇಳೋರು ಪ್ರತಿಸಲ ಬೇರೆಯಾಗಿರೋದರಿಂದ ಹೇಳೋರಿಗೆ ಮತ್ತೆ ಹೇಳೋಕೆ ಬೇಜಾರಾಗಲ್ಲ, ಟೈಮ್ ಕಮ್ಮಿ ಆಗ್ತಾ ಹೋದ ಹಾಗೆ ಕಾವಲುಗಾರನಿಗೆ ಜಾಗ ಇರಲ್ಲ. ಕೇಳೋಕೆ ಅವಳದ್ದೇ ಇಬ್ಬರು ಫ್ರೆಂಡ್ಸು ಮತ್ತೆ ಒಬ್ಬ ಜೂನಿಯರ್. ವಾರಕ್ಕೆ ಮೂರು ದಿನ.

ಮೊದಲ ಎರಡು ವಾರ ಎಷ್ಟು ಚೆನ್ನಾಗಿ ನಡೀತು ಅಂದ್ರೆ ನಂಗೇ ಅನುಮಾನ ಬಂತು. ಮೂರೂ ಸಲ ಅದೇ ಪದ, ಅದೇ ಜಾಗದಲ್ಲಿ ಅದೇ ಉಸಿರು. ಕೇಳ್ದೆ. ರಾತ್ರಿಯೆಲ್ಲಾ ಕೂತು ಬರೆದು, ರೂಲ್ಸ್ ಚೆಕ್ ಮಾಡಿ, ಬೈಹಾರ್ಟ್ ಮಾಡ್ಕೊಂಡು ಬರ್ತಿದ್ಲು! ನಂಬಿಕೆ ಹೊಸ ಅಭ್ಯಾಸದೊಳಗೂ ಹೋಗಿ ಅದನ್ನ ತನ್ನ ಥರಾನೇ ಮಾಡ್ಕೊಂಡಿತ್ತು. ಬೈಯ್ಯೋಕೆ ಮನಸ್ಸು ಬರಲಿಲ್ಲ, ಅಷ್ಟು ಕಷ್ಟಪಟ್ಟಿದ್ಲು. ಅವತ್ತಿಂದ ವಿಷಯ ಮೊದಲೇ ಹೇಳೋದು ನಿಲ್ಲಿಸ್ದೆ, ಅವಳ ಲ್ಯಾಬ್ ರೆಕಾರ್ಡಿಂದಲೇ ಒಂದು ಗ್ರಾಫ್ ತೆಗೆದು ಮುಂದೆ ಇಟ್ಟು "ಇದನ್ನ ಹೇಳು" ಅನ್ನೋದು. ಮತ್ತೆ ಮೊದಲಿನ ತಡವರಿಕೆ ಬಂತು, ಆದ್ರೆ ಈಗ ಅದು ಅವಳ ಸ್ವಂತ ಮಾತು.

ಇದೇ ಹೊತ್ತಿಗೆ ನಾನು ನನ್ನ ಒಂದು ಕ್ಲಾಸ್ ರೆಕಾರ್ಡ್ ಮಾಡಿ ಕೇಳಿದೆ. ವಿದ್ಯಾರ್ಥಿಗಳು ಮಾತಾಡೋವಾಗ ನಾನು ನಡುವೆ ಬಾಯಿ ಹಾಕಿ ಸರಿ ಮಾಡ್ತಾನೇ ಇದ್ದೆ, ಒಬ್ಬ ಹುಡುಗ "ಹಿ ಗೋ" ಅನ್ನೋಷ್ಟರಲ್ಲಿ "ಗೋಸ್" ಅಂತ ನನ್ನ ದನಿ. ಅವನು ಏನು ಹೇಳೋಕೆ ಹೊರಟಿದ್ದ ಅಂತ ರೆಕಾರ್ಡಿಂಗಲ್ಲಿ ಕೊನೆಗೂ ಗೊತ್ತಾಗಲ್ಲ, ಅಲ್ಲಿಗೇ ನಿಲ್ಲಿಸಿ ಕೂತ್ಬಿಟ್ಟ. ಆ "ಗೋಸ್"ನ ಎಸ್ ಇದೆಯಲ್ಲ, ಅದನ್ನ ಪುಸ್ತಕದಲ್ಲಿ ಮೊದಲ ವರ್ಷಾನೇ ಹೇಳ್ಕೊಡ್ತೀವಿ, ಆದ್ರೆ ಮಾತಲ್ಲಿ ತಡವಾಗಿ ಕೂರೋ ರೂಪಗಳಲ್ಲಿ ಅದೂ ಒಂದು ಅಂತ 1970ರ ದಶಕದಿಂದಲೇ ಸಂಶೋಧಕರು ತೋರಿಸಿದಾರೆ. ಲಿಸ್ಟರ್ ಮತ್ತೆ ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ಕ್ಲಾಸುಗಳಲ್ಲಿ ನೋಡಿದಾಗ, ಟೀಚರುಗಳು ತಿದ್ದೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಥರ ಸರಿ ರೂಪ ಹೇಳಿಬಿಡೋದು, ಅದರಲ್ಲಿ ಬಹುಪಾಲಿಗೆ ಮಕ್ಕಳಿಂದ ಏನೂ ಪ್ರತಿಕ್ರಿಯೇನೇ ಇಲ್ಲ. ಇದನ್ನ ನಾನು ಓದಿದ್ದೆ, ಆದ್ರೂ ಮಾಡ್ತಿದ್ದೆ. ಎರಡು ಸೆಮಿಸ್ಟರ್ ಮೂರನೇ ಬೆಂಚಲ್ಲಿ ಕೂತು ಆ ಹುಡುಗಿ ನೋಡಿದ್ದು ಇದನ್ನೇ. ತಪ್ಪು ಮಾಡಿದ್ರೆ ಮಾತು ಅಲ್ಲಿಗೇ ಕಟ್ ಆಗುತ್ತೆ ಅಂತ ಅವಳು ನಂಬಿದ್ದಕ್ಕೆ ಸಾಕ್ಷಿ ಕೊಡ್ತಿದ್ದೋಳು ನಾನು. ಅದಾದ್ಮೇಲೆ ಮಾತಾಡೋವಾಗ ನಡುವೆ ತಿದ್ದೋದು ಬಿಟ್ಟೆ, ಚೀಟಿಯಲ್ಲಿ ಬರ್ಕೊಂಡು ಕೊನೆಗೆ ಎರಡೇ ಎರಡು ವಿಷಯ ಹೇಳೋದು. ಅಭ್ಯಾಸ ಬಿಡೋಕೆ ನಂಗೇ ತಿಂಗಳಾಯ್ತು.

ಆರನೇ ವಾರ ನಿಜವಾದ ತಿರುವು ಬಂತು. ಅವಳ 2 ನಿಮಿಷದ ಮಾತನ್ನ ಅವಳ ಫೋನಲ್ಲೇ ರೆಕಾರ್ಡ್ ಮಾಡಿಸಿ, "ಇದನ್ನ ಪದಕ್ಕೆ ಪದ ಬರ್ಕೊಂಡು ಬಾ, ಏನೂ ತಿದ್ದಬೇಡ" ಅಂದೆ. ಮಾರನೇ ದಿನ ಒಂದೂವರೆ ಪುಟ ತಂದ್ಲು. ಪೆನ್ಸಿಲ್ ಕೊಟ್ಟು "ತಪ್ಪಿಗೆಲ್ಲಾ ಸುತ್ತು ಹಾಕು" ಅಂದೆ, 16 ಕಡೆ ಸುತ್ತು ಹಾಕಿದ್ಲು. "ಈಗ ನೋಟ್‌ಬುಕ್ ನೋಡದೆ ಯಾವ್ಯಾವುದು ಸರಿ ಮಾಡೋಕಾಗುತ್ತೋ ಮಾಡು." ಒಂದೊಂದಾಗಿ ಮಾಡ್ತಾ ಹೋದ್ಲು. "ದಿ ಕಲರ್ ಚೇಂಜ್" ಅನ್ನೋದು "ಚೇಂಜ್ಡ್" ಆಯ್ತು, "ಐ ಡಿಡ್ ನಾಟ್ ಗಾಟ್" ಅನ್ನೋದು "ಗೆಟ್" ಆಯ್ತು, "ಟೂ ಸ್ಯಾಂಪಲ್" ಅನ್ನೋದು "ಸ್ಯಾಂಪಲ್ಸ್" ಆಯ್ತು. ಹದಿನಾರಕ್ಕೆ ಹದಿನಾರೂ. ಅದಲ್ದೆ ಅವಳ ಕಣ್ಣಿಗೆ ಬೀಳದ ಮೂರು ತಪ್ಪು ನಾನು ತೋರಿಸ್ದೆ, ಮೂರೂ "ಅ", "ದಿ" ಅನ್ನೋ ಆರ್ಟಿಕಲ್‌ಗಳದ್ದು, ಕನ್ನಡದಲ್ಲಿ ಅಂಥ ಪದಗಳೇ ಇಲ್ಲ, ಅದು ನಮಗೆ ತೊಡಕಾಗೋದು ಸಹಜ.

ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಈ ಎರಡನ್ನ ಬೇರೆ ಮಾಡಿ ಹೇಳಿದ್ರು, ಗೊತ್ತಿದ್ದೂ ಬಾಯಿ ತಪ್ಪೋದು ಒಂದು, ಗೊತ್ತಿಲ್ಲದೆ ತಪ್ಪೋದು ಇನ್ನೊಂದು. ನಾನು ಆವತ್ತು ಆ ಹೆಸರು ಎತ್ತಲಿಲ್ಲ. "ಇದರಲ್ಲಿ ರೂಲ್ ಗೊತ್ತಿಲ್ಲದೆ ಆಗಿದ್ದು ಎಷ್ಟು?" ಅಂತ ಮಾತ್ರ ಕೇಳ್ದೆ. ಅವಳು ಹಾಳೆ ನೋಡಿದ್ಲು, ನೋಟ್‌ಬುಕ್ ನೋಡಿದ್ಲು. "ಮೂರು" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಇದನ್ನ ಇನ್ನೂ ಎರಡು ಸಲ ಓದಿದ್ರೂ ಆ ಹದಿನಾರು ಕಮ್ಮಿ ಆಗಲ್ಲ ಅಲ್ವಾ ಮೇಡಂ" ಅಂತ ಅವಳೇ ಕೇಳಿದ್ಲು. ನಾನು ಆರು ವಾರದಿಂದ ಹೇಳ್ತಿದ್ದ ಮಾತೇ ಅದು, ಅವಳ ಪೆನ್ಸಿಲಿಂದ ಬಂದ್ಮೇಲೆ ಅವಳದ್ದಾಯ್ತು.

ಆಮೇಲೆ ಎಲ್ಲಾ ಸಲೀಸಾಯ್ತು ಅಂತ ಅಲ್ಲ. ಎಂಟನೇ ವಾರ ಕೇಳೋಕೆ ಕೂತಿದ್ದ ಒಬ್ಬ ಫ್ರೆಂಡ್ ಅವಳ ಉಚ್ಚಾರಣೆ ಕೇಳಿ ಮುಗುಳ್ನಕ್ಕಳಂತೆ, ಇವಳು ಐದು ದಿನ ನನ್ನ ಕಡೆ ತಲೆ ಹಾಕಲಿಲ್ಲ. ಮನ್ರೋ ಮತ್ತೆ ಡರ್ವಿಂಗ್ 1995ರಲ್ಲಿ ತೋರಿಸಿದ ಹಾಗೆ ಉಚ್ಚಾರಣೆಯಲ್ಲಿ ಬೇರೆ ಭಾಷೆಯ ಛಾಯೆ ಗಾಢವಾಗಿದ್ರೂ ಮಾತು ಪೂರ್ತಿ ಅರ್ಥ ಆಗಬಹುದು, ಅವೆರಡೂ ಬೇರೆ ಬೇರೆ ಅಂತ ಹೇಳಿ ನೋಡ್ದೆ, ಅವಳು ಒಪ್ಪಲಿಲ್ಲ. ಕೊನೆಗೆ ಆ ಫ್ರೆಂಡೇ ಹೋಗಿ ಮಾತಾಡಿಸಿ ಕರ್ಕೊಂಡು ಬಂದ್ಲು.

ಸೆಮಿನಾರಿಗೆ ನಾನೂ ಹೋಗಿ ಹಿಂದೆ ಕೂತಿದ್ದೆ. ಹಾಳೆ ಕೈಯಲ್ಲಿತ್ತು, ಆದ್ರೆ ಮೊದಲ ಎರಡು ನಿಮಿಷ ಆದ್ಮೇಲೆ ಅದನ್ನ ಮೇಜಿನ ಮೇಲಿಟ್ಲು. ಗ್ರಾಫ್ ಬಂದಾಗ "ದಿ ರೇಟ್ ಇನ್‌ಕ್ರೀಸ್" ಅಂದ್ಲು, ಕ್ಷಣ ನಿಂತ್ಲು, ನಂಗೆ ಎದೆ ಡವಡವ ಅಂತಿತ್ತು, "ಇನ್‌ಕ್ರೀಸ್ಡ್" ಅಂತ ತಾನೇ ಸರಿ ಮಾಡ್ಕೊಂಡು ಮುಂದಕ್ಕೆ ಹೋದ್ಲು. ಪ್ರಶ್ನೆ ಹೊತ್ತಲ್ಲಿ ಒಬ್ಬರು ಪ್ರೊಫೆಸರ್ ಏನೋ ಉದ್ದಕ್ಕೆ ಕೇಳಿದ್ರು, ಅವಳಿಗೆ ಅರ್ಥ ಆಗಲಿಲ್ಲ, "ಸಾರಿ ಸರ್, ಕುಡ್ ಯು ರಿಪೀಟ್?" ಅಂದ್ಲು. ಆ ಒಂದು ವಾಕ್ಯ ಕೇಳಿ ನಂಗಾದ ಸಂತೋಷ ಇಡೀ ಸೆಮಿನಾರಿಂದ ಆಗಲಿಲ್ಲ, ಯಾಕಂದ್ರೆ ಅದು ಮೊದಲೇ ಸಿದ್ಧ ಮಾಡ್ಕೊಂಡು ಬಂದಿದ್ದಲ್ಲ. ಉತ್ತರದಲ್ಲಿ ಅರ್ಧ ತಡವರಿಸಿದ್ಲು, ಒಂದು ಕಡೆ ಸರಿಯಾದ ಪದ ಸಿಗದೆ ಕೈಯಲ್ಲೇ ಗ್ರಾಫಿನ ಆಕಾರ ತೋರಿಸಿದ್ಲು, ಪ್ರೊಫೆಸರಿಗೆ ಅರ್ಥ ಆಯ್ತು.

ಅದಾಗಿ ಎರಡು ವಾರಕ್ಕೆ ಅದೇ 34 ಹೇಳಿಕೆಗಳನ್ನ ಮತ್ತೆ ಕೊಟ್ಟೆ. ಸರಿಯಾಗಿ ಬರೋವರೆಗೂ ಮಾತಾಡಬಾರದು ಅನ್ನೋದಕ್ಕೆ ಈಗ ಒಪ್ಪಲ್ಲ. ಗ್ರಾಮರೇ ಮುಖ್ಯ ಅನ್ನೋದಕ್ಕೆ ಒಪ್ತೀನೂ ಇಲ್ಲ ಬಿಡ್ತೀನೂ ಇಲ್ಲ, ಅದು ನ್ಯಾಯವಾದ ಉತ್ತರ ಅಂತ ನಂಗನ್ಸುತ್ತೆ, ಗ್ರಾಮರ್ ಅವಳಿಗೆ ಕೊಟ್ಟಿದ್ದೂ ಇದೆ. ಒಳ್ಳೆ ಉಚ್ಚಾರಣೆ ಮುಖ್ಯ ಅನ್ನೋದಕ್ಕೆ ಮೊದಲಿನ ಹಾಗೇ ಪೂರ್ತಿ ಒಪ್ತೀನಿ. ವಿಶೇಷ ಶಕ್ತಿ ನಂಗಿದೆ ಅನ್ನೋದಕ್ಕೆ ಇನ್ನೂ ಒಪ್ಪಲ್ಲ. ಎಷ್ಟು ವರ್ಷ ಬೇಕು ಅನ್ನೋದಕ್ಕೆ ಮೂರರಿಂದ ಐದು ಅಂತ ಹಾಕಿ, ಪಕ್ಕದಲ್ಲಿ ಈ ಸಲ "ಮಾತಾಡಿದ್ದು: 11 ಗಂಟೆ" ಅಂತ ಬರೆದಿದ್ಲು. ಲೆಕ್ಕ ಇಟ್ಟಿದ್ಲಂತೆ, ನಂಗೆ ಗೊತ್ತೇ ಇರಲಿಲ್ಲ.

ಆ ದಪ್ಪ ನೋಟ್‌ಬುಕ್ ಈಗಲೂ ಅವಳ ಬ್ಯಾಗಲ್ಲಿದೆ. ಮೊನ್ನೆ ಸಿಕ್ಕಾಗ ಅದನ್ನ ಹಿಂದಿನಿಂದ ತೆಗೆದು ತೋರಿಸಿದ್ಲು, ಕೊನೆ ಪುಟದಿಂದ ಶುರು ಮಾಡಿ ಒಂದೇ ಪೆನ್ನಲ್ಲಿ, ಗೆರೆ ಎಳೀದೆ, ಮಾತಾಡೋವಾಗ ಬೇಕಾಗಿ ಸಿಗದೇ ಹೋದ ಪದಗಳನ್ನ ಕನ್ನಡದಲ್ಲಿ ಬರ್ಕೊಂಡಿದಾಳೆ, ಇಂಗ್ಲಿಷ್ ಪದ ಸಿಕ್ಕ ದಿನ ಪಕ್ಕದಲ್ಲಿ ತುಂಬ್ತಾಳೆ. ಅರ್ಧಕ್ಕರ್ಧ ಖಾಲಿ ಇತ್ತು. ಇಂಟರ್ವ್ಯೂ ಅಂದ್ರೆ ಇನ್ನೂ ಕೈ ನಡುಗುತ್ತೆ ಮೇಡಂ ಅಂದ್ಲು, ಮುಂದಿನ ತಿಂಗಳು ಒಂದಿದೆ, ಅದಕ್ಕೆ ಮತ್ತೆ 4-3-2 ಶುರು ಮಾಡಿದೀವಿ. ಈ ಸಲ ಕೇಳೋಕೆ ಕೂರೋರಲ್ಲಿ ಇಬ್ಬರು ಅವಳೇ ಹುಡುಕಿ ಕರ್ಕೊಂಡು ಬಂದ ಮಾತಾಡದ ಹುಡುಗೀರು.